ಕೆಮ್ಮಣ್ಣುಗುಂಡಿ ಮತ್ತು ಹೆಬ್ಬೆ: ಗಿರಿಧಾಮದ ಇತಿಹಾಸ

ಕೆಮ್ಮಣ್ಣುಗುಂಡಿ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಗಿರಿಧಾಮ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ, ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿದೆ. ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿದ್ದ ಕಾರಣ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಇದೆ. ಇಲ್ಲಿಂದ ಸುಮಾರು 8 ಕಿ.ಮೀ. ದೂರದಲ್ಲಿ, ಕಾಫಿ ತೋಟಗಳನ್ನೂ ಕಾಡನ್ನೂ ದಾಟಿದರೆ ಹೆಬ್ಬೆ ಜಲಪಾತ ಸಿಗುತ್ತದೆ. ಬೆಟ್ಟದ ಮೇಲೆ ತಂಗಿ ಹೆಬ್ಬೆಯಲ್ಲಿ ಮಿಂದು ಬರುವುದು ತಲೆಮಾರುಗಳಿಂದ ಬಂದ ರೂಢಿ. ಆದ್ದರಿಂದ ಇವೆರಡರ ಇತಿಹಾಸವನ್ನು ಒಟ್ಟಿಗೇ ಹೇಳುವುದು ಸರಿ.

ಇಂದು ಆರೋಗ್ಯ, ಸ್ನಾನ, ವಿಶ್ರಾಂತಿ, ಮಕ್ಕಳ ಆಟ ಎಲ್ಲವನ್ನೂ ಒಂದೇ ಆವರಣದಲ್ಲಿ ಒದಗಿಸುವ ರೆಸಾರ್ಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮೆಡಿಟರೇನಿಯನ್ ಕರಾವಳಿ. ನೇಪಲ್ಸ್ ಬಳಿಯ ಬಾಯಿಯೆ ಪಟ್ಟಣದಲ್ಲಿ ರೋಮನ್ ಸಿರಿವಂತರು ಬಿಸಿನೀರ ಸ್ನಾನಕ್ಕೆಂದೇ ಮನೆಗಳನ್ನು ಕಟ್ಟಿಸಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಚಳಿಗಾಲ ಕಳೆಯಲು ಫ್ರಾನ್ಸಿನ ನೀಸ್ ನಗರಕ್ಕೆ ಬರುತ್ತಿದ್ದರು. ಸಂಸಾರ ಸಮೇತ ರಜೆ ಕಳೆಯುವ ಈಗಿನ ಬಗೆಯ ರೆಸಾರ್ಟಿಗೆ ದಾರಿ ತೋರಿದ್ದು ಕ್ಲಬ್ ಮೆಡ್. ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ 1950ರಲ್ಲಿ ಮಯೋರ್ಕಾ ದ್ವೀಪದ ಅಲ್ಕುದಿಯಾದಲ್ಲಿ ಅದನ್ನು ಶುರುಮಾಡಿದಾಗ ಅಲ್ಲಿದ್ದದ್ದು ಬರಿಯ ಡೇರೆಗಳು. ಸಂಬಳದಾರರಿಗೆಂದು ಡೇರೆಯಲ್ಲಿ ಹುಟ್ಟಿದ ಆ ವ್ಯವಸ್ಥೆ ಮುಂದೆ ಐಷಾರಾಮದ ಕಡೆಗೆ ನಡೆಯಿತು. ಕೆಮ್ಮಣ್ಣುಗುಂಡಿಯ ನಡಿಗೆ ಇದಕ್ಕೆ ವಿರುದ್ಧ ದಿಕ್ಕಿನದು. ಅರಸರ ಬಿಡಾರವಾಗಿ ಆರಂಭವಾದ ಈ ಜಾಗ ಎಂಟು ದಶಕಗಳಿಂದ ಜನಸಾಮಾನ್ಯರ ಗಿರಿಧಾಮವಾಗಿ ಉಳಿದಿದೆ. ಈ ಬೆಟ್ಟದ ಚರಿತ್ರೆಯಲ್ಲಿ ಅತ್ಯಂತ ಗಮನಾರ್ಹವಾದದ್ದು ಇದೇ.

ಬಾಬಾಬುಡನ್ ಶ್ರೇಣಿ ಕುದುರೆ ಲಾಳದಂತೆ ಬಾಗಿ ನಿಂತಿದೆ. ಲಾಳದ ಒಳಗಿನದು ಜಾಗರ ಕಣಿವೆ. ಅಲ್ಲಿಂದ ಹರಿದು ಬರುವ ಸೋಮವಾಹಿನಿ ಹೆಬ್ಬೆಯ ಹತ್ತಿರ ಭದ್ರಾ ನದಿಯನ್ನು ಕೂಡುತ್ತದೆ. ಶ್ರೇಣಿಯ ಮೂಡಣ ಇಳಿಜಾರಿನ ನೀರಿನ ಪಾಡೇ ಬೇರೆ. ಅಲ್ಲಿ ಹುಟ್ಟುವ ವೇದಾ ಅಯ್ಯನಕೆರೆಯನ್ನೂ ಆವತಿ ಮದಗದಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಒಂದಾಗಿ ವೇದಾವತಿಯಾಗಿ ಚಿತ್ರದುರ್ಗದ ಬಯಲಿಗೆ ಇಳಿಯುತ್ತವೆ. ಒಂದೇ ಬೆಟ್ಟ ಒಂದು ಮಗ್ಗುಲಲ್ಲಿ ಮಲೆನಾಡಿಗೂ ಇನ್ನೊಂದು ಮಗ್ಗುಲಲ್ಲಿ ಬರದ ಸೀಮೆಗೂ ನೀರುಣಿಸುತ್ತಿದೆ. ಕಡೂರು, ಅಜ್ಜಂಪುರದ ಕಡೆಯವರಿಗೆ ಈ ಬೆಟ್ಟವೆಂದರೆ ಸೆಕೆಯಿಂದ ತಪ್ಪಿಸಿಕೊಳ್ಳುವ ತಾಣ ಮಾತ್ರವಲ್ಲ, ತಮ್ಮೂರಿನ ಕೆರೆಯ ತವರು ಕೂಡ.

ಗಿರಿಧಾಮವಾಗುವ ಮೊದಲೂ ಜನ ಇಲ್ಲಿಗೆ ಬರುತ್ತಿದ್ದರು. ಲಿಂಗದಹಳ್ಳಿಯಿಂದ ಮೇಲೇರುವ ದಾರಿಯಲ್ಲಿ ಕಲ್ಲತ್ತಿಗಿರಿ ಇದೆ. ಬಂಡೆಯ ಮೇಲಿಂದ ಧುಮುಕುವ ನೀರು ವೀರಭದ್ರಸ್ವಾಮಿ ಗುಡಿಯ ಮುಂದೆ, ಕಲ್ಲಿನಲ್ಲಿ ಕಡೆದ ಆನೆಗಳ ನಡುವೆ ಹರಿಯುತ್ತದೆ. ಭಕ್ತರು ಮೊದಲು ನೀರಿಗೆ ತಲೆಯೊಡ್ಡಿ, ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ ಕೈಮುಗಿಯುತ್ತಾರೆ. ಈ ಸೀಮೆಯಲ್ಲಿ ಜಲಪಾತದ ಸ್ನಾನವೆಂದರೆ ಮೊದಲಿಗೆ ಹರಕೆ, ಶುದ್ಧಿ; ಮೋಜು ಆಮೇಲಿನದು. ಬೆಟ್ಟದ ಇನ್ನೊಂದು ಕಡೆ ಬಾಬಾಬುಡನ್‌ಗಿರಿ ದತ್ತಪೀಠ ಇದೆ. ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂಬ ಐತಿಹ್ಯ ಈ ಗಿರಿಯದೇ. ಹೆಬ್ಬೆಗೆ ಹೋಗುವ ದಾರಿ ಇಂದಿಗೂ ಕಾಫಿ ತೋಟದ ನಡುವೆಯೇ ಹಾಯುತ್ತದೆ.

ಹೆಬ್ಬೆ ಜಲಪಾತದ ಎತ್ತರ ಸುಮಾರು 168 ಮೀಟರ್ (551 ಅಡಿ). ನೀರು ಎರಡು ಹಂತಗಳಲ್ಲಿ ಬೀಳುವುದರಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಕರೆಯುತ್ತಾರೆ. ಗಿಡಮೂಲಿಕೆಗಳ ಬೇರುಗಳನ್ನು ತೊಳೆದುಕೊಂಡು ಬರುವ ಈ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆ ಎಂಬುದು ಸುತ್ತಲಿನ ಊರುಗಳ ನಂಬಿಕೆ. ಇದನ್ನು ನಂಬಿಕೆಯೆಂದೇ ಹೇಳಬೇಕು, ವೈದ್ಯಕೀಯ ಸತ್ಯವೆಂದು ಹೇಳಬಾರದು. ಪುತ್ತೂರು ಬಳಿಯ ಬೆಂದ್ರುತೀರ್ಥದಲ್ಲಿರುವಂತೆ ಇಲ್ಲಿ ಬಿಸಿನೀರ ಬುಗ್ಗೆಯಿಲ್ಲ. ಹೆಬ್ಬೆಯದು ಮೈ ಕೊರೆಯುವ ತಣ್ಣೀರು. ಆದರೆ ಹಳ್ಳ ದಾಟಿ, ಬೇರುಗಳನ್ನು ಹಿಡಿದು ಇಳಿದು, ಬಂಡೆಗಳ ಮಧ್ಯೆ ನಿಂತಾಗ ಮುಖಕ್ಕೆ ರಾಚುವ ತುಂತುರಿಗೆ ದಣಿದ ಮೈಮನಸ್ಸು ಹಗುರಾಗುವುದು ಅಲ್ಲಿಗೆ ಹೋದವರೆಲ್ಲರ ಅನುಭವ. ಮೂಲಿಕೆಯ ಮಾತು ಹುಟ್ಟಿದ್ದು ಆ ಅನುಭವದಿಂದಲೇ ಇರಬಹುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪ್ರದೇಶ ಆಗಿನ ಕಡೂರು ಜಿಲ್ಲೆಗೆ ಸೇರಿತ್ತು; ಜಿಲ್ಲೆಗೆ ಚಿಕ್ಕಮಗಳೂರೆಂಬ ಹೆಸರು ಬಂದದ್ದು 1947ರಲ್ಲಿ. ಬೆಟ್ಟದ ತಪ್ಪಲು ಮಲೇರಿಯಾಕ್ಕೆ ಕುಖ್ಯಾತವಾಗಿತ್ತು. ಮಲೆನಾಡ ಜ್ವರಕ್ಕೆ ಹೆದರಿ ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲ ಅದು. 1928ರಿಂದ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ ಮೊದಲಾದ ಕಡೆ ಮಲೇರಿಯಾ ಅಧ್ಯಯನ ನಡೆಸಿತು. ತಪ್ಪಲಿನಲ್ಲಿ ಜ್ವರ, ನೆತ್ತಿಯಲ್ಲಿ ಶುದ್ಧ ಗಾಳಿ. ಗಿರಿಧಾಮವೆಂಬುದು ಆರೋಗ್ಯಧಾಮವೂ ಆಗಿದ್ದುದು ಈ ವ್ಯತ್ಯಾಸದಿಂದ. ನಂದಿಬೆಟ್ಟದ ಹೆಸರೂ ಬೆಳೆದದ್ದು ಹೀಗೆಯೇ. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದು ತಂಗಿದ್ದು ಅಲ್ಲಿಯೇ.

ಮೈಸೂರು ಅರಸರಿಗೆ ಬೇಸಿಗೆಗೆ ಹೋಗಲು ಊಟಿಯಲ್ಲಿ ಫರ್ನ್‌ಹಿಲ್ ಅರಮನೆ ಇತ್ತು. ಆದರೂ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ರಾಜ್ಯದೊಳಗಿನ ಈ ಬೆಟ್ಟವನ್ನು ಮೆಚ್ಚಿದರು. ಇಲ್ಲಿ ಬಿಡಾರ ಎದ್ದಿತು, ತೋಟ ಬೆಳೆಯಿತು. ಅರಸರು ತಂಗುತ್ತಿದ್ದ ಅತಿಥಿಗೃಹವನ್ನು ಇಂದಿಗೂ ರಾಜಭವನವೆಂದೇ ಕರೆಯುತ್ತಾರೆ. ಅದರ ಅಂಗಳದಿಂದ ನೋಡಿದರೆ ಕಣ್ಣು ಹಾಯುವಷ್ಟೂ ದೂರ ಗುಡ್ಡಗಳ ಸಾಲು. ಸಂಜೆ ಕಣಿವೆಯಿಂದ ಮೇಲೆದ್ದ ಮಂಜು ಕೆಲವೇ ನಿಮಿಷಗಳಲ್ಲಿ ಅಂಗಳವನ್ನೂ ಗುಲಾಬಿ ತೋಟವನ್ನೂ ನುಂಗಿಬಿಡುತ್ತದೆ. ಅರಸರು ಈ ಜಾಗಕ್ಕೆ ಮನಸೋತದ್ದೇಕೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳಬೇಕಾಗಿಲ್ಲ.

ಅದೇ ಕಾಲದಲ್ಲಿ ಬೆಟ್ಟಕ್ಕೆ ಇನ್ನೊಂದು ಬದುಕೂ ಇತ್ತು. ಇಲ್ಲಿನ ಕೆಂಪು ಮಣ್ಣಿನ ಅಡಿಯಲ್ಲಿರುವುದು ಕಬ್ಬಿಣದ ಅದಿರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪಿಸಿದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿತು. ಅದಕ್ಕೆ ಅದಿರು ಹೋಗುತ್ತಿದ್ದದ್ದು ಕೆಮ್ಮಣ್ಣುಗುಂಡಿಯ ಗಣಿಯಿಂದ. ಅಗೆದ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ತೂಗಾಡುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಂ ಹಳಿಯ ಮೇಲೆ ಭದ್ರಾವತಿ ಸೇರುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲನ್ನೂ ಮಲೆನಾಡ ಕಾಡುಗಳೇ ಕೊಟ್ಟವು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆಗೆ ಮರದ ಭಟ್ಟಿ ಇಳಿಸುವಿಕೆಯ ಪ್ರಸ್ತಾಪವೂ ಇತ್ತು. ಒಂದೇ ಬೆಟ್ಟದ ಮೇಲೆ ಒಂದು ಕಡೆ ಅರಸರ ವಿಶ್ರಾಂತಿ, ಇನ್ನೊಂದು ಕಡೆ ಗುದ್ದಲಿ ಹಿಡಿದವರ ದುಡಿಮೆ. ಗಿರಿಧಾಮದ ಕಥೆ ಹೇಳುವವರು ಗಣಿಯ ಕಥೆಯನ್ನು ಬಿಟ್ಟುಬಿಡುವುದುಂಟು. ಅದು ಅನ್ಯಾಯ. ಇಂಥ ದುರ್ಗಮ ಬೆಟ್ಟ ಹೊರಗಿನವರಿಗೆ ಪರಿಚಯವಾದದ್ದರಲ್ಲಿ ಆ ದುಡಿಮೆಯ ಪಾಲೂ ದೊಡ್ಡದು. ಗಣಿಗಾರಿಕೆಯ ಗುರುತುಗಳು ಇಂದಿಗೂ ಗುಡ್ಡದ ಮೈಮೇಲೆ ಕಾಣಸಿಗುತ್ತವೆ.

ನಾಲ್ವಡಿಯವರು 1940ರ ಆಗಸ್ಟ್‌ನಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ, 1942ರಲ್ಲಿ, ಗಿರಿಧಾಮ ಸರ್ಕಾರದ ಕೈಗೆ ಬಂದು ತೋಟಗಾರಿಕೆ ಇಲಾಖೆಯ ಉಸ್ತುವಾರಿಗೆ ಸೇರಿತು. ಲಾಲ್‌ಬಾಗ್, ನಂದಿಬೆಟ್ಟಗಳನ್ನು ನೋಡಿಕೊಳ್ಳುತ್ತ ಬಂದ ಇಲಾಖೆ ಅದು. ಆದ್ದರಿಂದ ಕೆಮ್ಮಣ್ಣುಗುಂಡಿ ಹೋಟೆಲಿನಂತೆ ಬೆಳೆಯದೆ ತೋಟದಂತೆ ಬೆಳೆಯಿತು. ಹೂವಿನ ಮಡಿಗಳು, ಗುಲಾಬಿ ತೋಟ, ಮಕ್ಕಳು ಓಡಾಡುವ ಹುಲ್ಲುಹಾಸು, ಸಾಧಾರಣ ಬಾಡಿಗೆಯ ಕೋಣೆಗಳು, ಒಂದು ಕ್ಯಾಂಟೀನು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಮೇಷ್ಟರು, ಗುಮಾಸ್ತರು, ಅಡಕೆ ಬೆಳೆಗಾರರು, ಹೊಸದಾಗಿ ಮದುವೆಯಾದವರು ಬರತೊಡಗಿದರು. ಬೇಸಿಗೆ ರಜೆಯಲ್ಲಿ ತರೀಕೆರೆ, ಬೀರೂರು, ಕಡೂರು ಕಡೆಯ ಸಂಸಾರಗಳು ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹತ್ತಿ ಸಂಜೆ ಇಳಿಯುವುದು ವಾಡಿಕೆಯಾಯಿತು. ಕಲ್ಲತ್ತಿಗಿರಿಯಲ್ಲಿ ಸ್ನಾನ, ದೇವರ ದರ್ಶನ. ಬೆಟ್ಟದ ಮೇಲೆ ಊಟ. ಕಾಲಲ್ಲಿ ಕಸುವಿದ್ದವರಿಗೆ ಶಾಂತಿ ಜಲಪಾತದ ಮಗ್ಗುಲಿನಿಂದ ಝಡ್ ಪಾಯಿಂಟ್‌ವರೆಗೆ ನಡಿಗೆ. ಅಲ್ಲಿನ ಕಾಲುದಾರಿ ಶೋಲಾ ಕಾಡಿನ ಅಂಚು ಮುಗಿಸಿ ಹುಲ್ಲುಗಾವಲಿನ ದಿಣ್ಣೆಗೆ ಬರುತ್ತದೆ. ಒಂದು ಬದಿಗೆ ಗೋಡೆಯಂಥ ಗುಡ್ಡ, ಇನ್ನೊಂದು ಬದಿಗೆ ಆಳವಾದ ಕಣಿವೆ. ಮಕ್ಕಳ ಕೈ ಬಿಡದೆ ನಡೆಯಬೇಕಾದ ದಾರಿ.

ಇಷ್ಟರಲ್ಲಿ ಕಣಿವೆಯ ಪಾಲಿಗೆ ಬೇರೆಯದೇ ತೀರ್ಮಾನಗಳು ಆಗಿದ್ದವು. 1951ರಲ್ಲಿ ಜಾಗರ ಕಣಿವೆಯನ್ನು ಬೇಟೆ ನಿಷೇಧಿತ ವನ್ಯಧಾಮವಾಗಿ ಘೋಷಿಸಲಾಯಿತು. 1974ರಲ್ಲಿ ಲಕ್ಕವಳ್ಳಿಯ ಕಾಡುಗಳೂ ಸೇರಿ ಅದು ಭದ್ರಾ ವನ್ಯಜೀವಿಧಾಮವಾಯಿತು. 1998ರಲ್ಲಿ ಹುಲಿ ಯೋಜನೆ ಬಂತು. 2001–02ರ ಸುಮಾರಿಗೆ ಅರಣ್ಯದೊಳಗಿನ ಊರುಗಳ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು ತರೀಕೆರೆ ಬಳಿಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ತಾಲ್ಲೂಕಿನ ಕೆಳಗೂರಿಗೂ ಸ್ಥಳಾಂತರಿಸಲಾಯಿತು. ದೇಶದ ಹುಲಿ ಕಾಡುಗಳಲ್ಲಿ ನಡೆದ ಪುನರ್ವಸತಿಗಳ ಪೈಕಿ ಯಶಸ್ವಿ ಎನ್ನಿಸಿಕೊಂಡ ಕೆಲವೇ ಪ್ರಯತ್ನಗಳಲ್ಲಿ ಇದೂ ಒಂದು. ಜಮೀನು, ಮನೆ ಎರಡನ್ನೂ ಕೊಟ್ಟದ್ದು ಅದಕ್ಕೆ ಮುಖ್ಯ ಕಾರಣ. ಆದರೂ ಗದ್ದೆ, ಗುಡಿ, ಹಿರಿಯರ ಸಮಾಧಿಗಳನ್ನು ಬಿಟ್ಟು ಬಂದವರ ಸಂಕಟವನ್ನು ಎಕರೆಯ ಲೆಕ್ಕದಲ್ಲಿ ಅಳೆಯಲಾಗದು. ಹೆಬ್ಬೆಗೆ ಸುತ್ತಾಡಲು ಹೋಗುವವರು ಇವತ್ತು ಕಾಣುವ ನಿಶ್ಶಬ್ದ ಹಸಿರಿನಲ್ಲಿ ಆ ಕುಟುಂಬಗಳ ತ್ಯಾಗವೂ ಸೇರಿದೆ ಎಂಬುದನ್ನು ತಿಳಿದಿರಬೇಕು.

ಐಷಾರಾಮಿ ವಸತಿ ಈ ಜಿಲ್ಲೆಗೆ ಬಂದದ್ದು ತಡವಾಗಿ, ಅದೂ ಕೆಮ್ಮಣ್ಣುಗುಂಡಿಯ ಹೊರಗೆ. ಹೊಸ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಬೆಳೆಗಾರರು ತೋಟದ ಮನೆಗಳ ಬಾಗಿಲನ್ನು ಅತಿಥಿಗಳಿಗೆ ತೆರೆದರು. ಹೋಂಸ್ಟೇ ಎಂಬ ಪದ ಮಲೆನಾಡಿನ ಮನೆಮಾತಾಯಿತು. ಕಡುಬು, ಅಕ್ಕಿರೊಟ್ಟಿ, ಬಿಸಿ ಕಾಫಿ ಕೊಟ್ಟು ತೋಟ ಸುತ್ತಿಸುವ ಈ ಏರ್ಪಾಟು ಮಕ್ಕಳಿರುವ ಸಂಸಾರಗಳಿಗೆ ಚೆನ್ನಾಗಿ ಒಗ್ಗಿತು. ಚಿಕ್ಕಮಗಳೂರಿನ ಬಳಿ ಕಾಫಿ ಡೇ ಸಮೂಹ ಕಾಫಿ ತೋಟದ ನಡುವೆ ‘ಸೆರಾಯ್’ ರೆಸಾರ್ಟನ್ನು ಕಟ್ಟಿತು. ಅಲ್ಲಿ ಸ್ಪಾ ಇದೆ, ಖಾಸಗಿ ಈಜುಕೊಳವಿರುವ ಮನೆಗಳಿವೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನ ದಂಡೆಯ ಮೇಲೆ, ರಿವರ್ ಟರ್ನ್ ಲಾಡ್ಜ್ ನಡೆಸುತ್ತಿದೆ. ಇವುಗಳ ಪಕ್ಕದಲ್ಲಿ ಕೆಮ್ಮಣ್ಣುಗುಂಡಿಯ ಸರ್ಕಾರಿ ಕೋಣೆಗಳು ಹಳೆಯವಾಗಿ ಕಾಣುತ್ತವೆ ನಿಜ. ಅವುಗಳನ್ನು ಇನ್ನಷ್ಟು ಚೊಕ್ಕಟವಾಗಿಡಬೇಕೆಂಬ ಪ್ರವಾಸಿಗರ ಮಾತಿನಲ್ಲೂ ನ್ಯಾಯವಿದೆ. ಆದರೆ ಬಾಡಿಗೆ ಏರಿಸಿ ಬಡಸಂಸಾರಗಳನ್ನು ಬೆಟ್ಟದಿಂದ ಇಳಿಸುವುದು ಸುಧಾರಣೆಯಾಗಲಾರದು. ಅರಸರ ಬಿಡಾರದಲ್ಲಿ ಗುಮಾಸ್ತನ ಮಕ್ಕಳು ಆಡುವಂತಾದದ್ದೇ ಈ ಜಾಗದ ದೊಡ್ಡ ಸಂಪಾದನೆ.

ಇನ್ನು ಇಲ್ಲಿಗೆ ಹೋಗಿಬರುವವರಿಗೆ ಒಂದೆರಡು ಮಾತು. ತರೀಕೆರೆ ಬೀರೂರು–ಶಿವಮೊಗ್ಗ ರೈಲು ಮಾರ್ಗದಲ್ಲಿದೆ. ಅಲ್ಲಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮೇಲೆ ಗಿರಿಧಾಮಕ್ಕೆ ದಾರಿ. ಚಿಕ್ಕಮಗಳೂರಿನಿಂದ ಸುಮಾರು 55 ಕಿ.ಮೀ. ಹೆಬ್ಬೆಯ ಕಡೆಗೆ ಸ್ವಂತ ಕಾರು ಹೋಗದು, ಜೀಪಿನಲ್ಲೇ ಹೋಗಬೇಕು. ಕಲ್ಲು ಕೊರಕಲಿನ ಇಳಿಜಾರಿನಲ್ಲಿ ಜೀಪು ಎತ್ತಿ ಹಾಕುವುದರಿಂದ ಬಸುರಿಯರಿಗೂ ಬೆನ್ನುನೋವಿನವರಿಗೂ ಈ ಪ್ರಯಾಣ ತಕ್ಕದ್ದಲ್ಲ. ಜೀಪು ನಿಂತ ಮೇಲೆ ಹಳ್ಳ ದಾಟಿ ಕಾಡಿನಲ್ಲಿ ನಡೆಯಬೇಕು. ಮಳೆ ಬಿದ್ದ ದಿನಗಳಲ್ಲಿ ಇಂಬಳಗಳ ಕಾಟ ಹೆಚ್ಚು. ಸ್ಥಳೀಯರು ಉಪ್ಪು ಅಥವಾ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟುಕೊಳ್ಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ರಭಸ ಅಪಾಯದ ಮಟ್ಟಕ್ಕೇರುವುದರಿಂದ ಆಗ ಮಕ್ಕಳನ್ನು ಕರೆದೊಯ್ಯುವುದು ಬೇಡ. ಅಕ್ಟೋಬರ್ ಕಳೆದ ಮೇಲೆ ಆಕಾಶ ತಿಳಿಯಾಗುತ್ತದೆ, ನೀರೂ ಸಾಕಷ್ಟಿರುತ್ತದೆ. ಜಲಪಾತದ ಅಡಿಯಲ್ಲಿ ಸೋಪು, ಶಾಂಪೂ ಬಳಸಬಾರದು. ಇಲ್ಲಿನ ಹಳ್ಳ ಭದ್ರೆಯನ್ನು ಸೇರಿ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ಕಾಲುವೆಗಳಲ್ಲಿ ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆಗಳಿಗೆ ಹೋಗುತ್ತದೆ.