ಗರಡಿಯ ಕೈ, ಟೋಪಿಯ ಸೂಜಿ: ಜಟ್ಟಿಗಳ ಸ್ನಾಯುನೋವಿನ ಚಿಕಿತ್ಸೆ ನಡೆದು ಬಂದ ದಾರಿ

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಜೆಟ್ಟಿಗಳ ಬಗ್ಗೆ ಒಂದು ನಮೂದಿದೆ. ಕುಸ್ತಿ ಮತ್ತು ಅಂಗಸಾಧನೆ ಇವರ ಕಸುಬು ಎಂದು ಹೇಳಿದ ಮೇಲೆ ಆತ ಇನ್ನೊಂದು ಮಾತು ಸೇರಿಸುತ್ತಾನೆ: ತೆಲುಗು ಜಿಲ್ಲೆಗಳಲ್ಲಿ ಇವರು ಮೈ ನೀವಿ, ಲೇಪ ತಿಕ್ಕಿ, 'ನರಗಳ ನೋವು' ವಾಸಿಮಾಡುತ್ತಾರೆ. ಈ 'ನರ' ಯಾವುದು? ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಭುಜ ಸೆಟೆದುಕೊಂಡರೆ 'ನರ ಹಿಡ್ಕೊಂಡಿದೆ' ಅನ್ನುತ್ತಾರೆ. ರಕ್ತನಾಳ, ಸ್ನಾಯುರಜ್ಜು, ನರತಂತು ಮೂರಕ್ಕೂ ಅದೊಂದೇ ಪದ. ಥರ್ಸ್ಟನ್‌ನ ಕಿವಿಗೆ ಬಿದ್ದದ್ದೂ ಇಂಥದೇ ಒಂದು ಪದವಾಗಿದ್ದು, ಆತ ಅದನ್ನು ಯಥಾವತ್ತಾಗಿ ಇಂಗ್ಲಿಷಿಗೆ ತಂದಿರಬೇಕು ಎಂಬುದು ನನ್ನ ಊಹೆ. ಜೆಟ್ಟಿಗಳ ಕೈಗೆ ಬರುತ್ತಿದ್ದದ್ದು ಬಹುಮಟ್ಟಿಗೆ ಮಾಂಸಖಂಡದ ನೋವೇ ಇರಬೇಕು.

ನಮೂದು ಚಿಕ್ಕದಾದರೂ ಅದು ಹೇಳುವ ವಿಷಯ ದೊಡ್ಡದು. ಮೈ ಮುರಿಯುವ ವಿದ್ಯೆ ಬಲ್ಲವನೇ ಮೈ ಕೂಡಿಸುವ ವಿದ್ಯೆಯನ್ನೂ ಬಲ್ಲವನಾಗಿದ್ದ. ಬಲಶಾಲಿಗಳ ಸ್ನಾಯುನೋವಿಗೆ ಕೈಚಿಕಿತ್ಸೆ ಹುಟ್ಟಿದ್ದು ಅಖಾಡದ ಒಳಗೇ. ಸೂಜಿ ಬಂದದ್ದು ಹೊರಗಿನಿಂದ, ಅದೂ ತೀರಾ ತಡವಾಗಿ. ಇವೆರಡನ್ನೂ ಒಂದೇ ಪುರಾತನ ಪರಂಪರೆಗೆ ಗಂಟುಹಾಕುವ ಈಚಿನ ರೂಢಿಯನ್ನು ಆಧಾರಗಳು ಒಪ್ಪುವುದಿಲ್ಲ.

ಕನ್ನಡನಾಡಿನಲ್ಲಿ ಮಲ್ಲರ ಲಿಖಿತ ದಾಖಲೆ ಹಳೆಯದು. 'ಭೂಲೋಕಮಲ್ಲ' ಎಂದೇ ಬಿರುದು ಹೊತ್ತಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟ. ಅಲ್ಲಿ ಮಲ್ಲರು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆ. 'ಜಟ್ಟಿ' (ಥರ್ಸ್ಟನ್ ಬರೆದ 'ಜೆಟ್ಟಿ') ಎಂಬ ನಮ್ಮ ಮಾತು ಈ ಜ್ಯೇಷ್ಠಿಯಿಂದಲೇ ಇಳಿದದ್ದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕೆ ಇಳಿಯುವವರು ಇದೇ ಜಟ್ಟಿ ಮನೆತನದವರು. ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಪ್ರೇಕ್ಷಕರು ನೋಡುವುದು ಅಷ್ಟನ್ನೇ. ಆ ಒಂದು ಕ್ಷಣಕ್ಕಾಗಿ ತಿಂಗಳುಗಟ್ಟಲೆ ನಡೆದ ದಂಡೆ, ಬಸ್ಕಿ, ಮಾಲೀಸು ಗೋಡೆಯ ಆಚೆಗೇ ಉಳಿಯುತ್ತದೆ.

ಗರಡಿಯ ಮಾಲೀಸು ಬರೀ ಎಣ್ಣೆ ಹಚ್ಚುವುದಲ್ಲ. ಎಣ್ಣೆ ಬೆಚ್ಚಗಿರಬೇಕು. ಮೊದಲು ಅಂಗೈ ಪೂರ್ತಿ ಊರಿ ಉದ್ದಕ್ಕೆ ನೀವಬೇಕು. ಅದು ಚಿಕಿತ್ಸೆಯಲ್ಲ, ಹುಡುಕಾಟ. ಬೆನ್ನಿನ ಮೇಲೆ ಜಾರುವ ಕೈ ಎಲ್ಲೋ ಒಂದು ಕಡೆ ತಡೆಯುತ್ತದೆ: ನೆಲಗಡಲೆ ಗಾತ್ರದ ಒಂದು ಬಿಗಿ, ಒತ್ತಿದರೆ ಪೈಲ್ವಾನ 'ಹಾ, ಅಲ್ಲೇ' ಎನ್ನುವ ಜಾಗ. ಅದೇ 'ಗಂಟು'. ಅಲ್ಲಿಂದ ಹೆಬ್ಬೆರಳಿನ ಕೆಲಸ, ಹೆಬ್ಬೆರಳು ಸೋತರೆ ಮೊಣಕೈ, ತೊಡೆಯಂಥ ದಪ್ಪ ಮಾಂಸಕ್ಕೆ ಹಿಮ್ಮಡಿ. ಕಲಿಕೆಯೂ ಹೀಗೆಯೇ. ಕಿರಿಯ ಹಿರಿಯನಿಗೆ ತಿಕ್ಕುತ್ತ ತಿಕ್ಕುತ್ತ ಮೈಯ ಭೂಗೋಳವನ್ನು ಬೆರಳಿಗೆ ಹತ್ತಿಸಿಕೊಳ್ಳುತ್ತಾನೆ. (ಉಳುಕಿದ ಸೊಂಟವನ್ನು ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವ ಪದ್ಧತಿಯೂ ನಮ್ಮಲ್ಲುಂಟು. ಅದು ನಂಬಿಕೆಯ ಮಾತು, ಗರಡಿಯ ವಿದ್ಯೆಯಲ್ಲ.)

ಗ್ರೀಕ್ ಜಗತ್ತಿನಲ್ಲೂ ಚಿಕಿತ್ಸೆಯ ನೆಲೆ ಅಖಾಡವೇ, ಆದರೆ ಅಲ್ಲಿ ವೈದ್ಯ ಲೇಖನಿ ಹಿಡಿದ. ಗೇಲನ್ ಕ್ರಿ.ಶ. 157ರಲ್ಲಿ ಪೆರ್ಗಮಮ್ ನಗರದ ಗ್ಲಾಡಿಯೇಟರುಗಳ ವೈದ್ಯನಾದ. ಮುಂದೆ ಆರೋಗ್ಯಪಾಲನೆಯ ಬಗ್ಗೆ ಬರೆದ ಗ್ರಂಥದಲ್ಲಿ ತಿಕ್ಕುವಿಕೆಯನ್ನು ಗಡಸು, ಮೃದು, ಮಧ್ಯಮ ಎಂದು ವಿಂಗಡಿಸಿ, ಪ್ರತಿಯೊಂದನ್ನೂ ಹೆಚ್ಚು, ಕಡಿಮೆ, ಹದ ಎಂಬ ಪ್ರಮಾಣಗಳೊಂದಿಗೆ ಸೇರಿಸಿ ಒಂಬತ್ತು ಬಗೆ ಮಾಡಿದ. ವ್ಯಾಯಾಮಕ್ಕೆ ಮೊದಲಿನ ತಿಕ್ಕು ಬೇರೆ, ನಂತರದ್ದು ಬೇರೆ ಎಂದೂ ಹೇಳಿದ. ನಮ್ಮ ಗರಡಿಯ ಉಸ್ತಾದರಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಅವರು ಬರೆಯಲಿಲ್ಲ.

ಇನ್ನು ಸೂಜಿ. ಅಕ್ಯುಪಂಕ್ಚರ್ ಹುಟ್ಟಿದ್ದು ಭಾರತದಲ್ಲೇ, ಸುಶ್ರುತನ ಬಳಿ ಸೂಜಿಗಳಿದ್ದವು ಎಂಬ ವಾದ ಆಗಾಗ ಕೇಳಿಬರುತ್ತದೆ. ಸೂಜಿಗಳಿದ್ದವು, ನಿಜ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಮೂರು ಬಗೆ ಹೇಳಿದೆ: ಮಾಂಸ ಕಡಿಮೆ ಇರುವೆಡೆಗೂ ಕೀಲುಗಳಿಗೂ ಎರಡು ಅಂಗುಲದ ದುಂಡು ಸೂಜಿ, ಮಾಂಸಲ ಭಾಗಕ್ಕೆ ಮೂರು ಅಂಗುಲದ ಮೂರಂಚಿನದು, ಮರ್ಮ ಮತ್ತು ಹೊಟ್ಟೆಗೆ ಬಿಲ್ಲಿನಂತೆ ಬಾಗಿದ್ದು. ಆದರೆ ಇವು ಮೂರೂ ಗಾಯ ಹೊಲಿಯುವ ಸೂಜಿಗಳು. ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಅವುಗಳ ಸ್ಥಾನ ದೊಡ್ಡದು, ಸ್ನಾಯುನೋವಿನ ಚರಿತ್ರೆಯಲ್ಲಿ ಇಲ್ಲವೇ ಇಲ್ಲ.

ನೋಯುವ ಸ್ನಾಯುವಿಗೇ ಸೂಜಿ ಚುಚ್ಚುವ ಪದ್ಧತಿ ಚೀನಾದ ವಿದ್ಯೆಯಾಗಿ ಯುರೋಪಿಗೆ ಹೋಗಿ, ಅಲ್ಲಿ ತನ್ನ ಸಿದ್ಧಾಂತವನ್ನು ಕಳಚಿಟ್ಟಿತು. ಫ್ರಾನ್ಸಿನಲ್ಲಿ ಲೂಯಿ ಬೆರ್ಲಿಯೋಜ್ (ಸಂಗೀತಗಾರ ಹೆಕ್ಟರ್‌ನ ತಂದೆ) ಪ್ರಯೋಗಿಸಿ 1816ರಲ್ಲಿ ಪ್ರಕಟಿಸಿದ. 1892ರಲ್ಲಿ ವಿಲಿಯಂ ಆಸ್ಲರ್ ತನ್ನ ಹೆಸರಾಂತ ವೈದ್ಯಪಠ್ಯದಲ್ಲಿ ಹಠಾತ್ ಸೊಂಟನೋವಿಗೆ ಇದೇ ಮದ್ದು ಬರೆದ: ಮೂರು ನಾಲ್ಕು ಇಂಚಿನ ಸೂಜಿಯನ್ನು ನೋವಿನ ಜಾಗಕ್ಕೆ ತೂರಿಸಿ ಐದು ಹತ್ತು ನಿಮಿಷದ ನಂತರ ತೆಗೆಯಿರಿ, ಹೆಂಗಸರ ಟೋಪಿಯ ಸೂಜಿಯನ್ನು ಶುದ್ಧಿಮಾಡಿ ಬಳಸಿದರೂ ನಡೆದೀತು. ಇದೇ ಆಸ್ಲರ್ ಮಾಂಟ್ರಿಯಲ್‌ನ ಸಕ್ಕರೆ ಕುಬೇರ ಪೀಟರ್ ರೆಡ್‌ಪಾತ್‌ನ ಸೊಂಟಕ್ಕೆ ಚುಚ್ಚಿದಾಗ, ಆತ ಪ್ರತಿ ಚುಚ್ಚಿಗೂ ಬೈಗುಳ ಉದುರಿಸಿ, ನೋವಿನ ಸಮೇತ ಕುಂಟುತ್ತ ಎದ್ದುಹೋದನೆಂದು ಆಸ್ಲರನ ಜೀವನಚರಿತ್ರೆ ದಾಖಲಿಸಿದೆ.

20ನೇ ಶತಮಾನದಲ್ಲಿ ಸೂಜಿಯ ಜೊತೆ ಸಿರಿಂಜು ಬಂತು. ಲಂಡನ್ನಿನ ವೈದ್ಯ ಕೆಲ್‌ಗ್ರೆನ್ 1938ರಲ್ಲಿ ಸ್ನಾಯುವಿಗೆ ಗಟ್ಟಿ ಉಪ್ಪುನೀರು ಚುಚ್ಚಿ, ಒಂದೆಡೆಯ ನೋವು ಇನ್ನೊಂದೆಡೆ ಕಾಣಿಸಿಕೊಳ್ಳುವುದನ್ನು ತೋರಿಸಿದ. ಅಮೆರಿಕದ ಜಾನೆಟ್ ಟ್ರಾವೆಲ್ 1942ರಲ್ಲಿ ಭುಜದ ನೋವಿಗೆ ಸ್ನಾಯುವಿನೊಳಗೇ ಮರಗಟ್ಟಿಸುವ ಮದ್ದು ಪ್ರೊಕೇನ್ ಕೊಟ್ಟು ಬರೆದರು, ಮುಂದೆ ಅಧ್ಯಕ್ಷ ಕೆನಡಿಯ ವೈದ್ಯೆಯಾದರು. ಡೇವಿಡ್ ಸೈಮನ್ಸ್ ಜೊತೆ 1983ರಲ್ಲಿ ಅವರು ತಂದ ಕೈಪಿಡಿಯಿಂದ 'ಟ್ರಿಗರ್ ಪಾಯಿಂಟ್' (ಒತ್ತಿದರೆ ನೋವು ಹೊಮ್ಮುವ ಸ್ನಾಯುವಿನ ಬಿಂದು) ಎಂಬ ಮಾತು ಕ್ರೀಡಾಚಿಕಿತ್ಸೆಯ ಮನೆಮಾತಾಯಿತು. ಈ ನಡುವೆ 1979ರಲ್ಲಿ ಪ್ರಾಗ್‌ನ ವೈದ್ಯ ಕರೆಲ್ ಲೆವಿಟ್ ಒಂದು ವಿಚಿತ್ರವನ್ನು ಮುಂದಿಟ್ಟರು. 241 ರೋಗಿಗಳ 312 ನೋವಿನ ಜಾಗಗಳಿಗೆ ಔಷಧವಿಲ್ಲದ ಬರಿಯ ಸೂಜಿ ಚುಚ್ಚಿದರೆ ಶೇ. 86.8ರಷ್ಟು ಕಡೆ ನೋವು ಕೂಡಲೇ ಇಳಿಯಿತು. ಸರಿಯಾದ ಬಿಂದುವಿಗೆ ಸೂಜಿ ತಾಕಬೇಕು, ಅಷ್ಟೇ. ಒಣಸೂಜಿ ಚಿಕಿತ್ಸೆಗೆ, ಅಂದರೆ ಡ್ರೈ ನೀಡ್ಲಿಂಗ್‌ಗೆ, ಬುನಾದಿ ಹಾಕಿದ ಬರಹಗಳಲ್ಲಿ ಇದು ಮುಖ್ಯವಾದದ್ದು. ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ ಎಂಬುದನ್ನು ಮಾತ್ರ ಇದನ್ನು ಉದಾಹರಿಸುವವರು ಮರೆಯುತ್ತಾರೆ.

ಹಾಗಾದರೆ ಸೂಜಿ ತಾಕುವ ಆ ಬಿಂದು ಯಾವುದು? ನೆಲಗಡಲೆ ಗಾತ್ರದ ಅದೇ ಗಂಟು. ಸೂಜಿ ಹಿಡಿದವನೂ ಮೊದಲು ಬೆರಳಿನಿಂದಲೇ ಅದನ್ನು ಹುಡುಕಬೇಕು. ಇಲ್ಲಿಯೇ ತೊಡಕೂ ಇದೆ. 1992ರಲ್ಲಿ ಪರಿಣತರನ್ನೇ ಕೂರಿಸಿ, ರೋಗಿಯ ವಿವರ ತಿಳಿಸದೆ ಪರೀಕ್ಷಿಸಲು ಬಿಟ್ಟಾಗ ಗಂಟು ಎಲ್ಲಿದೆ ಎಂಬುದರಲ್ಲಿ ಒಮ್ಮತ ಮೂಡಲಿಲ್ಲ. 2015ರಲ್ಲಿ ವೈದ್ಯ ಕ್ವಿಂಟ್ನರ್ ಮತ್ತು ಸಂಗಡಿಗರು ಟ್ರಿಗರ್ ಪಾಯಿಂಟ್ ಸಿದ್ಧಾಂತವನ್ನೇ ತಳ್ಳಿಹಾಕಿದರು. ಆದರೂ ವಾತ ಎಂದವರು, ಫೈಬ್ರೊಸೈಟಿಸ್ (ನಾರಿನ ಉರಿಯೂತ) ಎಂದವರು, ಟ್ರಿಗರ್ ಪಾಯಿಂಟ್ ಎಂದವರು, ಎಲ್ಲರೂ ಹುಡುಕಿದ್ದು ಒತ್ತಿದರೆ ನೋಯುವ ಅಂಥದೇ ಒಂದು ಜಾಗವನ್ನು. ಹೆಸರು ಬದಲಾಯಿತು, ಬೆರಳು ಬದಲಾಗಲಿಲ್ಲ.

ಮಾಲೀಸಿನ ಕತೆಯೂ ತೀರಾ ಬೇರೆಯಲ್ಲ. 29 ಅಧ್ಯಯನ, 1012 ಜನರನ್ನು ಒಟ್ಟುಗೂಡಿಸಿ 2020ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಮಾಲೀಸಿನಿಂದ ಬಲವಾಗಲಿ ಓಟವಾಗಲಿ ಹೆಚ್ಚಿದ್ದು ಕಾಣಲಿಲ್ಲ. ಮೈ ತುಸು ಸಡಿಲವಾಯಿತು, ಕಸರತ್ತಿನ ಮಾರನೆಯ ದಿನದ ನೋವು ತುಸು ತಗ್ಗಿತು. ನೋವು ತಗ್ಗುವುದು ಸಣ್ಣ ಲಾಭವಲ್ಲ, ಆದರೆ ಅದು ಹರಿದ ಎಳೆ ಕೂಡಿಕೊಳ್ಳುವುದಕ್ಕೆ ಸಮವೂ ಅಲ್ಲ. ಭಾರ ಎತ್ತುವವನ ತೊಡೆಯ ಸ್ನಾಯು ನಿಜವಾಗಿ ಹರಿದಿದ್ದರೆ, ಮೊದಲ ದಿನಗಳಲ್ಲಿ ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚಬಹುದು. ಜಜ್ಜಿದ ತೊಡೆಯನ್ನು ಹಾಗೆ ತಿಕ್ಕಿದರೆ ಮಾಂಸದೊಳಗೆ ಎಲುಬೇ ಬೆಳೆಯುವ ಅಪಾಯವುಂಟು. ಹೆಗಲ ಮೇಲೆ ಸೂಜಿ ಆಳ ತಪ್ಪಿದರೆ ಪುಪ್ಪುಸ ತೂತಾಗಬಹುದು.

ಯಾವ ಪೆಟ್ಟಿಗೆ ಕೈ ಹಚ್ಚಬಾರದು ಎಂದು ಹಳೆಯ ಉಸ್ತಾದರು ಹೇಗೆ ತೀರ್ಮಾನಿಸುತ್ತಿದ್ದರು? ಆಸ್ಲರನ ಟೋಪಿಯ ಸೂಜಿಯ ಉದ್ದ ನಮಗೆ ಗೊತ್ತು, ಮೈಸೂರಿನ ಜಟ್ಟಿಯೊಬ್ಬ ಯಾವ ಎಣ್ಣೆಯನ್ನು ಎಷ್ಟು ಕಾಯಿಸುತ್ತಿದ್ದ ಎಂಬುದನ್ನು ಅವನ ಮನೆಯವರನ್ನೇ ಕೇಳಬೇಕು. ಗರಡಿಗಳಲ್ಲಿ ಇನ್ನೂ ಕೈಯಾಡಿಸುವ ಹಿರಿಯರಿದ್ದಾರೆ. ಜಾನಪದದ ಸಂಶೋಧಕರೂ ಫಿಸಿಯೋಥೆರಪಿ ಓದುವ ನಮ್ಮ ಹುಡುಗರೂ ಜೊತೆಗೂಡಿ ಅವರ ಮುಂದೆ ಕುಳಿತು, ಹಚ್ಚಿದ್ದರ ಜೊತೆಗೆ ಹಚ್ಚದೆ ಬಿಟ್ಟದ್ದನ್ನೂ ಕೇಳಿ ಬರೆದುಕೊಳ್ಳಲಿ.