ಮಗು ಕಾಣುತ್ತೆ, ಹಿಡಿದ ಕೈ ಕಾಣಲ್ಲ

ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲೆಂಡ್, ಅಮೆರಿಕದ ಸ್ಟುಡಿಯೋಗಳಲ್ಲಿ ತೆಗೆದ ಒಂದು ಬಗೆಯ ಫೋಟೋಗಳಿವೆ. ನಡುವೆ ಒಂದು ಕುರ್ಚಿ. ಕುರ್ಚಿಯ ತುಂಬಾ ದಪ್ಪನೆಯ ಬಟ್ಟೆ ಹೊದಿಸಿದ್ದಾರೆ. ಅದರ ಮೇಲೆ ಬಿಳಿ ಗೌನು ತೊಟ್ಟ ಪುಟ್ಟ ಕೂಸು. ಮೊದಲ ನೋಟಕ್ಕೆ ಏನೂ ವಿಶೇಷ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಆ ಕುರ್ಚಿಗೆ ಹೆಗಲಿದೆ. ಬಟ್ಟೆಯ ಒಳಗೆ ತಲೆಯ ಆಕಾರ ಇದೆ. ಮಗುವಿನ ಸೊಂಟದ ಹತ್ತಿರ ಬಟ್ಟೆಯ ಸಂದಿಯಿಂದ ಎರಡು ಬೆರಳು ಇಣುಕ್ತಾ ಇವೆ. ಅದು ಕುರ್ಚಿಯಲ್ಲ ಸ್ವಾಮಿ. ಅದು ಅಮ್ಮ.

ಇಂಥ ಫೋಟೋ ಒಂದೆರಡಲ್ಲ, ರಾಶಿ ರಾಶಿ ಸಿಕ್ಕಿವೆ. ಇವಕ್ಕೆ 'ಹಿಡನ್ ಮದರ್' ಫೋಟೋಗಳು ಅಂತಲೇ ಹೆಸರಾಗಿದೆ. ಅಡಗಿಸಿಟ್ಟ ತಾಯಿ. ಕೆಲವು ಸಲ ತಾಯಿಯ ಬದಲು ಮನೆಯ ಆಯಾ ಇರಬಹುದು, ಸ್ಟುಡಿಯೋದ ಕೆಲಸದವರು ಇರಬಹುದು. ಆದರೆ ಮಗುವನ್ನು ಹಿಡಿದ ಮನುಷ್ಯರನ್ನು ಬಟ್ಟೆ ಮುಚ್ಚಿ ಪೀಠೋಪಕರಣ ಮಾಡಿದ್ದಂತೂ ನಿಜ.

ಯಾಕೆ ಹೀಗೆ ಮಾಡ್ತಿದ್ರು? ಫೋಟೋಗ್ರಫಿಯ ತಂತ್ರವನ್ನು ಜಗತ್ತಿಗೆ ಬಹಿರಂಗ ಮಾಡಿದ್ದು 1839ರ ಆಗಸ್ಟ್ 19ರಂದು, ಪ್ಯಾರಿಸ್‌ನಲ್ಲಿ. ಲೂಯಿ ದಾಗೇರ್ ಕಂಡುಹಿಡಿದ ಆ ವಿಧಾನದಲ್ಲಿ ಆರಂಭದಲ್ಲಿ ಒಂದು ಚಿತ್ರ ಮೂಡೋದಕ್ಕೆ ಒಳ್ಳೇ ಬಿಸಿಲಿನಲ್ಲೂ ಹಲವಾರು ನಿಮಿಷ ಬೇಕಾಗ್ತಿತ್ತು. ಮುಂದೆ ಒಳ್ಳೆಯ ಲೆನ್ಸ್ ಬಂತು, ರಾಸಾಯನಿಕಗಳು ಸುಧಾರಿಸಿದವು, ನಿಮಿಷಗಳು ಸೆಕೆಂಡುಗಳಾದವು. ದೊಡ್ಡವರು ಹೇಗೋ ಉಸಿರು ಬಿಗಿ ಹಿಡಿದು ಕೂರಬಹುದು. ಮೂರು ತಿಂಗಳ ಕೂಸಿಗೆ ಅಲ್ಲಾಡಬೇಡ ಅಂದ್ರೆ ಕೇಳುತ್ತಾ? ಒಂದು ಸಲ ಕತ್ತು ತಿರುಗಿಸಿದರೆ ಮುಖವೆಲ್ಲ ಮಸುಕು, ದುಡ್ಡು ದಂಡ. ಅದಕ್ಕೇ ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲೇಬೇಕು. ಆದರೆ ಮನೆಯವರಿಗೆ ಬೇಕಾಗಿದ್ದು ಮಗುವಿನ ಚಿತ್ರ ಮಾತ್ರ. ಹಿಡಿದ ಕೈ ಬೇಡ.

ಅಷ್ಟೆಲ್ಲ ಕಷ್ಟಪಟ್ಟು ಕೂಸಿನ ಫೋಟೋ ತೆಗೆಸೋ ಹಟ ಯಾಕಿತ್ತು? ಅದಕ್ಕೆ ಉತ್ತರ ತುಂಬಾ ನೋವಿನದ್ದು. ಆ ಕಾಲದಲ್ಲಿ ಹುಟ್ಟಿದ ಮಗು ಬದುಕಿ ಉಳಿಯುತ್ತೆ ಅನ್ನೋ ಗ್ಯಾರಂಟಿ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಮಗುವಿನ ಏಕೈಕ ಫೋಟೋ ತೆಗೆದದ್ದು ಮಗು ತೀರಿಹೋದ ಮೇಲೆ. ಅಮ್ಮನ ಮಡಿಲಲ್ಲಿ ನಿದ್ದೆ ಹೋದಂತೆ ಮಲಗಿಸಿ ತೆಗೆಸಿದ ಚಿತ್ರಗಳು. ನಮ್ಮ ದೇಶದ ಲೆಕ್ಕ ಕೇಳಿ. 1971ರಲ್ಲಿ ಕೂಡ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿದೆ. ಮಗುವಿನ ಫೋಟೋ ಅನ್ನೋದು ಶೋಕಿಯಿಂದ ಹುಟ್ಟಿದ್ದಲ್ಲ. ಎಲ್ಲಿ ಕೈತಪ್ಪಿ ಹೋಗುತ್ತೋ ಅನ್ನೋ ಭಯದಿಂದ ಹುಟ್ಟಿದ್ದು.

ಇದೇ ಕಾಲದಲ್ಲಿ ಒಬ್ಬ ಹೆಂಗಸು ಬೇರೆಯದೇ ದಾರಿ ಹಿಡಿದಳು. ಆಕೆ ಹುಟ್ಟಿದ್ದು ನಮ್ಮ ಕೋಲ್ಕತ್ತದಲ್ಲಿ, 1815ರಲ್ಲಿ. ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಕೆಗೆ 48ನೇ ವಯಸ್ಸಿನಲ್ಲಿ ಮಗಳು-ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಸ್ಟುಡಿಯೋ ಎಲ್ಲಿ? ಮನೆಯಲ್ಲೇ! ಕಲ್ಲಿದ್ದಲು ಇಡುವ ಕೋಣೆ ಡಾರ್ಕ್ ರೂಮ್ ಆಯ್ತು, ಕೋಳಿ ಗೂಡು ಸ್ಟುಡಿಯೋ ಆಯ್ತು. ಮೊಮ್ಮಗು, ಅಕ್ಕಪಕ್ಕದ ಮಕ್ಕಳು, ಮನೆಗೆಲಸದ ಹೆಣ್ಣುಮಕ್ಕಳು, ಇವರೇ ಆಕೆಯ ಮಾಡೆಲ್‌ಗಳು. ಮನೆಗೆಲಸದ ಮೇರಿ ಹಿಲ್ಲಿಯರ್ ಅನ್ನೋ ಹುಡುಗಿಯ ತೋಳಲ್ಲಿ ಮಗು ಕೊಟ್ಟು, ಆಕೆಯನ್ನು ಮಾತೆ ಮೇರಿಯ ಹಾಗೆ ಕೂರಿಸಿ ಫೋಟೋ ತೆಗೆದಳು. ಚಿತ್ರ ಮಸುಕಾಗಿದೆ ಅಂತ ಆಗಿನ ಪಂಡಿತರು ಮೂಗು ಮುರಿದರು. ಆದ್ರೆ ಗಮನಿಸಿ, ಉಳಿದವರು ಹಿಡಿದ ಕೈಗೆ ಬಟ್ಟೆ ಹೊದಿಸುತ್ತಿದ್ದಾಗ, ಈಕೆ ಆ ಕೈಯನ್ನು ಚಿತ್ರದ ನಡುಮಧ್ಯೆ ತಂದು ಕೂರಿಸಿದಳು.

ಕ್ಯಾಮೆರಾ ನಿಜವಾಗಿ ಸಾಮಾನ್ಯರ ಮನೆಯೊಳಗೆ ಕಾಲಿಟ್ಟಿದ್ದು ಜಾರ್ಜ್ ಈಸ್ಟ್‌ಮನ್‌ನಿಂದ. 1888ರಲ್ಲಿ ಆತ ಕೊಡಾಕ್ ಕ್ಯಾಮೆರಾ ತಂದ. ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗೆ ಆಗುವಷ್ಟು ಫಿಲಂ. ಅದು ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. ಅವರು ತೊಳೆದು, ಪ್ರಿಂಟ್ ಹಾಕಿ, ಹೊಸ ಫಿಲಂ ತುಂಬಿ ವಾಪಸ್ ಕಳಿಸ್ತಾರೆ. 1900ರಲ್ಲಿ ಬ್ರೌನಿ ಕ್ಯಾಮೆರಾ ಬಂತು. ಬೆಲೆ ಒಂದೇ ಒಂದು ಡಾಲರ್! ಇನ್ನು ಮಗುವನ್ನು ಸ್ಟುಡಿಯೋಗೆ ಹೊತ್ತುಕೊಂಡು ಹೋಗಬೇಕಿಲ್ಲ, ಕ್ಯಾಮೆರಾನೇ ತೊಟ್ಟಿಲ ಹತ್ತಿರ ಬಂತು.

ಹಾಗಾದ್ರೆ ನಮ್ಮಲ್ಲಿ? ಫೋಟೋಗ್ರಫಿ ಭಾರತಕ್ಕೆ ತಡವಾಗಿ ಬಂತು ಅಂದುಕೊಂಡರೆ ತಪ್ಪು. 1840ರ ದಶಕದಲ್ಲೇ ಕೋಲ್ಕತ್ತಕ್ಕೆ ಕ್ಯಾಮೆರಾ ಬಂದಿತ್ತು. 1854ರಲ್ಲಿ ಬಾಂಬೆಯಲ್ಲಿ ಫೋಟೋಗ್ರಾಫರ್‌ಗಳ ಸಂಘವೇ ಹುಟ್ಟಿಕೊಂಡಿತ್ತು. ಆದರೆ ಅಂತಃಪುರದ ಹೆಂಗಸರು, ಮಕ್ಕಳ ಹತ್ತಿರ ಗಂಡಸು ಫೋಟೋಗ್ರಾಫರ್ ಸುಳಿಯುವ ಹಾಗಿರಲಿಲ್ಲ. ಇದಕ್ಕೆ ಹೈದರಾಬಾದ್‌ನಲ್ಲಿ ಲಾಲಾ ದೀನ್ ದಯಾಳ್ ಒಂದು ಉಪಾಯ ಮಾಡಿದರು. 1892ರಲ್ಲಿ ಅವರು ತೆರೆದದ್ದು 'ಜನಾನಾ ಸ್ಟುಡಿಯೋ'. ಹೆಂಗಸರಿಗೇ ಮೀಸಲು. ಅದರ ಉಸ್ತುವಾರಿ ಕೆನ್ನಿ-ಲೆವಿಕ್ ಅನ್ನೋ ಆಂಗ್ಲ ಮಹಿಳೆಯದ್ದು. ಬಂಗಾಳದಲ್ಲಿ ಅನ್ನಪೂರ್ಣಾ ದತ್ತ ಅನ್ನೋ ಗೃಹಿಣಿ ಗಂಡನಿಂದ ಕ್ಯಾಮೆರಾ ಕಲಿತು, ಪರದೆ ಪದ್ಧತಿ ಇದ್ದ ಮನೆಗಳ ಒಳಗೇ ಹೋಗಿ ಹೆಂಗಸರ ಫೋಟೋ ತೆಗೆದರು. ಆ ದುಡಿಮೆಯಿಂದಲೇ ಸಂಸಾರ ನಡೆಸಿದರು. ಮನೆಗೆ ಬಂದು ಫೋಟೋ ತೆಗೆಯುವುದು ಇವತ್ತಿನ ಹೊಸ ಬಿಸಿನೆಸ್ ಅಂತೀವಲ್ಲ, ಆ ಹೆಣ್ಣುಮಗಳು ಅದನ್ನು ನೂರು ವರ್ಷದ ಹಿಂದೆ ಹೊಟ್ಟೆಪಾಡಿಗೆ ಮಾಡಿ ತೋರಿಸಿದ್ದರು.

ಮನೆಯ ಫೋಟೋ ಇತಿಹಾಸ ಆಗೋದು ಹೇಗೆ ಅಂತ ತಿಳೀಬೇಕಾದ್ರೆ ಉಮ್ರಾವ್ ಸಿಂಗ್ ಶೇರ್‌ಗಿಲ್ ಅವರ ಚಿತ್ರಗಳನ್ನು ನೋಡಬೇಕು. ಪಂಜಾಬಿನ ಶ್ರೀಮಂತ ಮನೆತನದವರು, ಸಂಸ್ಕೃತ ವಿದ್ವಾಂಸರು. ಹಂಗೇರಿಯ ಹೆಂಡತಿ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಮಗಳು ಹುಟ್ಟಿದಳು. ಅವಳು ಬೆಳೆಯುತ್ತಾ ಹೋದ ಹಾಗೆ ಅಪ್ಪ ಫೋಟೋ ತೆಗೀತಾ ಹೋದರು. ಹೆಂಡತಿ ಇದ್ದಾಳೆ, ಇಬ್ಬರೂ ಹೆಣ್ಣುಮಕ್ಕಳಿದ್ದಾರೆ, ತಮ್ಮನ್ನು ತಾವೂ ಬಿಟ್ಟಿಲ್ಲ. ಆ ಮೊದಲ ಮಗಳೇ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್. 28ನೇ ವಯಸ್ಸಿಗೇ, 1941ರಲ್ಲಿ ತೀರಿಕೊಂಡರು. ಅಮೃತಾ ಹೇಗೆ ಬೆಳೆದಳು, ಯಾವ ಮನೆಯಲ್ಲಿ, ಯಾರ ಪಕ್ಕದಲ್ಲಿ ಅಂತ ಇವತ್ತು ನಮಗೆ ಕಣ್ಣಾರೆ ಕಾಣ್ತಾ ಇದೆ ಅಂದ್ರೆ ಅದು ಒಬ್ಬ ಅಪ್ಪನ ಹವ್ಯಾಸದಿಂದ. ಆಗ ಅದು ಬರೀ ಮನೆಯ ಆಲ್ಬಂ. ಇವತ್ತು ದೇಶದ ದಾಖಲೆ.

ಈಗ ನಮ್ಮ ನಿಮ್ಮ ಮನೆಗೆ ಬರೋಣ. ಎಳೇ ಮಗುವಿನ ಫೋಟೋ ತೆಗೀಬಾರದು, ದೃಷ್ಟಿ ಆಗುತ್ತೆ, ಆಯಸ್ಸು ಕಮ್ಮಿ ಆಗುತ್ತೆ ಅಂತ ನಮ್ಮ ಅಜ್ಜಿಯರು ಹೇಳ್ತಿದ್ರು. ಅದನ್ನು ಮೂಢನಂಬಿಕೆ ಅಂತ ನಗೋದು ಸುಲಭ. ಸಾವಿರಕ್ಕೆ 129 ಕೂಸುಗಳು ಕಣ್ಣು ಮುಚ್ಚುತ್ತಿದ್ದ ಕಾಲದ ಭಯ ಅದು. ಅಲ್ಲಿ ಸ್ಟುಡಿಯೋಗೆ ಓಡಿಸಿದ ಭಯವೇ ಇಲ್ಲಿ ಬಾಗಿಲು ಹಾಕಿಸಿತು. ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟು, ಐದಾರು ತಿಂಗಳು ಕಳೆದು, ಮಗು ಬೋರಲು ಬಿದ್ದು ತಲೆ ಎತ್ತುವ ಹೊತ್ತಿಗೆ ಸ್ಟುಡಿಯೋಗೆ ಕರೆದುಕೊಂಡು ಹೋಗ್ತಿದ್ದರು. ಸೊಂಟಕ್ಕೆ ಉಡಿದಾರ, ಮೈಮೇಲೆ ಬಟ್ಟೆ ಇಲ್ಲ, ಬೋರಲು ಮಲಗಿ ನಗುವ ಮಗು. ಕರ್ನಾಟಕದ ಎಷ್ಟು ಮನೆಗಳ ಗೋಡೆ ಮೇಲೆ ಈ ಫೋಟೋ ಇಲ್ಲ ಹೇಳಿ? ಮುಂದಿನ ವರ್ಷ ಬಾಲಕೃಷ್ಣನ ವೇಷ, ನವಿಲುಗರಿ, ಕೊಳಲು. ಅಮ್ಮ ಎಲ್ಲಿದ್ದಳು? ಕ್ಯಾಮೆರಾದ ಪಕ್ಕದಲ್ಲಿ ಗಿಲಕಿ ಆಡಿಸುತ್ತಾ ನಿಂತಿದ್ದಳು.

ನಂತರ ಆಗ್ಫಾ ಕ್ಲಿಕ್ 3 ಬಂತು. ಒಂದು ರೀಲಿಗೆ 12 ಚಿತ್ರ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ಥಾನ್ ಫೋಟೋ ಫಿಲಂಸ್ 'ಇಂದು' ಹೆಸರಿನ ಫಿಲಂ ಕೊಟ್ಟಿತು. 1980ರ ದಶಕದಲ್ಲಿ ಹಾಟ್‌ಶಾಟ್ ಬಂತು. ಮುಂದೆ 36 ಫೋಟೋಗಳ ಕಲರ್ ರೀಲು. ನಾಮಕರಣಕ್ಕೆ ಹತ್ತು, ಅನ್ನಪ್ರಾಶನಕ್ಕೆ ಐದು, ಉಳಿದದ್ದು ಹುಟ್ಟುಹಬ್ಬಕ್ಕೆ. ಲೆಕ್ಕ ಹಾಕಿ ತೆಗೆಯುವ ಕಾಲ ಅದು. ನಾಮಕರಣದ ಆಲ್ಬಂ ತೆಗೆದು ನೋಡಿ. ಹೆಸರು ಕೂಗೋ ಅತ್ತೆ ಇದ್ದಾರೆ, ತೊಟ್ಟಿಲು ತೂಗೋರು ಇದ್ದಾರೆ, ಊಟದ ಪಂಕ್ತಿ ಕೂಡ ಇದೆ. ಆದರೆ ಹೆತ್ತವಳು ತವರುಮನೆಯ ಬಾಣಂತಿ ಕೋಣೆಯಲ್ಲಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ನಿದ್ದೆಗೆಟ್ಟು ಕೂಸಿಗೆ ಹಾಲು ಕೊಟ್ಟ ಆ ದಿನಗಳ ಒಂದೇ ಒಂದು ಫೋಟೋ ಸಿಗೋದು ಅಪರೂಪ. ಅವಳ ಪಾಲಿಗೆ ಮರುಹುಟ್ಟು ಅಂತೀವಿ. ಆ ಮರುಹುಟ್ಟಿಗೆ ದಾಖಲೆ ಎಲ್ಲಿದೆ?

ಇನ್ನೊಂದು ಅಚ್ಚರಿ ಹೇಳ್ತೀನಿ. ನಿಮ್ಮ ಜೇಬಲ್ಲಿರೋ ಮೊಬೈಲ್ ಕ್ಯಾಮೆರಾದ ವಂಶವೃಕ್ಷ ಹುಡುಕಿಕೊಂಡು ಹೋದರೆ ಎರಡು ಕಡೆ ಎಳೇ ಕೂಸು ಸಿಗುತ್ತೆ. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಅನ್ನೋ ವಿಜ್ಞಾನಿ ಮತ್ತು ಅವರ ತಂಡ ಮೊದಲ ಬಾರಿಗೆ ಒಂದು ಫೋಟೋವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಒಳಗೆ ಹಾಕಿದರು. ಯಾವ ಫೋಟೋ ಗೊತ್ತಾ? ಕಿರ್ಷ್ ಅವರ ಮೂರು ತಿಂಗಳ ಮಗನದ್ದು. ಅಗಲ 176 ಚುಕ್ಕಿ, ಎತ್ತರ 176 ಚುಕ್ಕಿ, ಅಷ್ಟೇ. ನಲವತ್ತು ವರ್ಷ ಬಿಟ್ಟು, 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಫಿಲಿಪ್ ಕಾನ್ ಅನ್ನೋ ಉದ್ಯಮಿ ಹೆರಿಗೆ ಆಸ್ಪತ್ರೆಯಲ್ಲೇ ಕೂತು ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ಜೋಡಿಸಿದ. ಆಗಷ್ಟೇ ಹುಟ್ಟಿದ ಮಗಳ ಫೋಟೋ ತೆಗೆದು ಸುಮಾರು ಎರಡು ಸಾವಿರ ಜನರಿಗೆ ಕಳಿಸಿದ. ಮೊಬೈಲ್‌ನಿಂದ ಫೋಟೋ ಹಂಚುವ ಯುಗ ಶುರುವಾಗಿದ್ದೇ ಒಂದು ಹಸುಗೂಸಿನ ಮುಖದಿಂದ. ಜಗತ್ತು ಫಿಲಿಪ್ ಕಾನ್ ಹೆಸರನ್ನು ನೆನಪಿಟ್ಟುಕೊಂಡಿದೆ. ಅದೇ ಕೋಣೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಸೋನಿಯಾ ಲೀ ಹೆಸರು ಎಷ್ಟು ಜನಕ್ಕೆ ಗೊತ್ತು? ಆಕೆ ಕೂಡ ಗಂಡನ ಜೊತೆ ಕಂಪನಿ ಕಟ್ಟಿದವಳೇ.

ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ ಕಡೆ 'ನ್ಯೂಬಾರ್ನ್ ಶೂಟ್' ಅಂತ ಮನೆಗೇ ಫೋಟೋಗ್ರಾಫರ್ ಬರ್ತಾರೆ. ಬುಟ್ಟಿಯಲ್ಲಿ ಮಗು, ಉಲ್ಲನ್ ಟೋಪಿಯಲ್ಲಿ ಮಗು. ಅದರಲ್ಲಿ ಒಂದು ಭಂಗಿ ನೋಡಿರ್ತೀರಿ. ಹತ್ತು ದಿನದ ಕೂಸು ಎರಡೂ ಅಂಗೈ ಮೇಲೆ ಗಲ್ಲ ಇಟ್ಟು ಕಪ್ಪೆಯ ಹಾಗೆ ಕೂತಿರುತ್ತೆ. ಕತ್ತೇ ನಿಲ್ಲದ ಕೂಸು ಹಾಗೆ ಕೂರೋದಕ್ಕೆ ಸಾಧ್ಯನಾ? ಇಲ್ಲ. ತಿಳಿದ ಫೋಟೋಗ್ರಾಫರ್‌ಗಳು ಎರಡು ಫೋಟೋ ತೆಗೀತಾರೆ. ಒಂದರಲ್ಲಿ ಯಾರೋ ತಲೆ ಹಿಡಿದಿರ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದಿರ್ತಾರೆ. ಆಮೇಲೆ ಕಂಪ್ಯೂಟರ್‌ನಲ್ಲಿ ಎರಡನ್ನೂ ಸೇರಿಸಿ, ಹಿಡಿದ ಕೈಯನ್ನು ಅಳಿಸ್ತಾರೆ. ಹಾಗಾಗಿ ಒಂದು ಕಿವಿಮಾತು. ಆ ಕೈ ಇಲ್ಲದೆ ಮಗುವನ್ನು ನಿಜವಾಗಿಯೂ ಹಾಗೆ ಕೂರಿಸಲು ಹೋಗೋರು ಯಾರೇ ಆದರೂ ತಕ್ಷಣ ನಿಲ್ಲಿಸಿ.

ನೂರೈವತ್ತು ವರ್ಷದ ಹಿಂದೆ ಬಟ್ಟೆ ಹೊದಿಸಿ ಮುಚ್ಚಿದರು. ಈಗ ಕಂಪ್ಯೂಟರ್‌ನಲ್ಲಿ ಅಳಿಸ್ತೀವಿ. ಕ್ಯಾಮೆರಾ ಬದಲಾಯ್ತು, ಫಿಲಂ ಹೋಯ್ತು, ಫೋಟೋದ ಬೆಲೆ ಸೊನ್ನೆಗೆ ಬಂತು. ಹಿಡಿದ ಕೈಯ ಗತಿ ಮಾತ್ರ ಬದಲಾಗಲಿಲ್ಲ.

ಮೊಬೈಲ್‌ನಲ್ಲಿ ಮಗುವಿನ ಫೋಟೋ ಸಾವಿರಗಟ್ಟಲೆ ಇರೋ ಮನೆಗಳಲ್ಲೂ ಇದೇ ಕಥೆ. ತೆಗೆಯೋಳು ಅಮ್ಮ, ಹಾಗಾಗಿ ಚಿತ್ರದಲ್ಲಿ ಅಮ್ಮ ಇಲ್ಲ. ಸ್ನಾನ ಹಾಕಿಸೋ ಅಜ್ಜಿ ಇಲ್ಲ. ಮಗು ಬೆಳೆದು ದೊಡ್ಡದಾದ ಮೇಲೆ ತನ್ನ ಮುಖವನ್ನು ಕನ್ನಡಿಯಲ್ಲಿ ದಿನಾ ನೋಡ್ಕೊಳ್ಳುತ್ತೆ. ಅದಕ್ಕೆ ಆಗ ನೋಡಬೇಕು ಅನಿಸೋದು ತನ್ನನ್ನು ಎತ್ತಿಕೊಂಡಿದ್ದ ಆ ವಯಸ್ಸಿನ ಅಮ್ಮನ ಮುಖ, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದ ಅಜ್ಜಿಯ ಸುಕ್ಕುಗಟ್ಟಿದ ಕೈ. ಅಜ್ಜಿ ಅಷ್ಟು ಹೊತ್ತಿಗೆ ಇರ್ತಾರೋ ಇಲ್ವೋ.

ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಬೆಳಗಿನ ಹೊತ್ತು ಕಿಟಕಿ ತೆಗೀರಿ, ಫ್ಲ್ಯಾಶ್ ಆಫ್ ಮಾಡಿ. ಮನೆಯ ಗಂಡಸರು ಫೋನ್ ಕೈಗೆ ತಗೊಳ್ಳಿ. ಹೆಂಡತಿ 'ಅಯ್ಯೋ ತಲೆ ಬಾಚಿಲ್ಲ ರೀ' ಅಂತಾಳೆ. ಬಾಚದೇ ಇರೋದೇ ಆ ದಿನಗಳ ಸತ್ಯ. ಅವಳು ಒಪ್ಪಿದರೆ ಹಾಗೇ ತೆಗೀರಿ. ಊರಿಗೆಲ್ಲ ಹಂಚೋದಕ್ಕಲ್ಲ, ಮನೆಗೆ. ವರ್ಷಕ್ಕೆ ಹತ್ತು ಫೋಟೋ ಆದರೂ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ತಾರೀಕು, ಊರು ಬರೀರಿ. ಫೋನ್ ಕೆಟ್ಟುಹೋಗುತ್ತೆ, ಪಾಸ್‌ವರ್ಡ್ ಮರೆತುಹೋಗುತ್ತೆ. ಟ್ರಂಕಿನೊಳಗಿನ ಕಾಗದ ಮೊಮ್ಮಕ್ಕಳಿಗೂ ಸಿಗುತ್ತೆ.

ಆ ಹಿಡನ್ ಮದರ್ ಫೋಟೋಗಳಲ್ಲಿರುವ ಬಹುತೇಕ ತಾಯಂದಿರ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ನಮ್ಮ ಮನೆಯ ತಾಯಂದಿರಿಗೆ ಹಾಗಾಗಬಾರದು.