ಕಾರು ಒರೆಸುವ ಬಟ್ಟೆಯ ಕಥೆ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ. ತಪ್ಪು ಮರುಕಳಿಸಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. 2025ರ ಫೆಬ್ರವರಿಯಲ್ಲಿ ಇಂಥದೇ ಆದೇಶ ಮತ್ತೆ ಬಂದಿತು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಓದುಗರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ನಗರಕ್ಕೆ ಬರುತ್ತದೆ. ನಿಮಿಷಕ್ಕೆ 10 ಲೀಟರ್ ಹರಿಯುವ ಪೈಪು ಹಿಡಿದು ಕಾಲು ಗಂಟೆ ಕಾರು ತೊಳೆದರೆ 150 ಲೀಟರ್ ಚರಂಡಿ ಪಾಲು. ಅಷ್ಟು ನೀರನ್ನು ಆ ಎತ್ತರಕ್ಕೇರಿಸಲು ಕನಿಷ್ಠ 7 ಲಕ್ಷ ಜೂಲ್ ಶಕ್ತಿ ವ್ಯಯವಾಗಿರುತ್ತದೆ.

ಹಾಗಾದರೆ ಬೇರೆ ಮೂಲದ ನೀರೇ ಆಗಲಿ, ಒಂದೆರಡು ಬಕೆಟ್ಟಿನಲ್ಲಿ ಕೆಲಸ ಮುಗಿಯಬೇಕು. ನೀರು ಕಡಿಮೆಯಾದಷ್ಟೂ ಬಟ್ಟೆಯ ಹೊಣೆ ಹೆಚ್ಚುತ್ತದೆ. ಆದ್ದರಿಂದ ಆ ಬಟ್ಟೆಯ ಚರಿತ್ರೆಯನ್ನು ಸ್ವಲ್ಪ ತಿಳಿಯೋಣ.

ಹಿಂದೆ ಕಾರು ಒರೆಸಲು ಹಳದಿ ಹತ್ತಿ ಬಟ್ಟೆಯನ್ನೋ ಹಳೆಯ ಬನಿಯನ್ನನ್ನೋ ಬಳಸುತ್ತಿದ್ದರು. ಅನುಕೂಲಸ್ಥರ ಬಳಿ ಎಣ್ಣೆಯಲ್ಲಿ ಹದ ಮಾಡಿದ ಮೆತ್ತನೆಯ ಶಾಮಿ ಚರ್ಮವಿರುತ್ತಿತ್ತು. ಚರ್ಮ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಅದರ ಮೈ ಸಪಾಟು. ಮರಳಿನ ಕಣ ಸಿಕ್ಕಿಕೊಂಡರೆ ಅಡಗಲು ಜಾಗವಿಲ್ಲ. ಅದು ಬಣ್ಣದ ಮೇಲೆಯೇ ಉಜ್ಜುತ್ತದೆ. ನಮ್ಮ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಸಾಕಷ್ಟಿದೆ. ಮೋಸ್ ಮಾಪನದಲ್ಲಿ ಬೆಣಚಿನ ಗಡಸುತನ 7. ಇಂದಿನ ಕಾರುಗಳ ಬಣ್ಣವನ್ನು ಕಾಯುವ ಪಾರದರ್ಶಕ ಲೇಪದ ದಪ್ಪವೋ ಸಾಮಾನ್ಯವಾಗಿ 40ರಿಂದ 50 ಮೈಕ್ರೋಮೀಟರ್ ಮಾತ್ರ. ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳು ಹುಟ್ಟುವುದು ಹೀಗೆ.

ಪರಿಹಾರ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಜಪಾನಿನ ಟೋರೇ ಕಂಪನಿಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಕೃತಕ ಚರ್ಮಕ್ಕಾಗಿ ಅತಿ ಸೂಕ್ಷ್ಮ ಎಳೆಗಳನ್ನು ತಯಾರಿಸುತ್ತಿದ್ದರು. ಒಂದು ಪಾಲಿಮರಿನ 'ಸಮುದ್ರ'ದಲ್ಲಿ ಇನ್ನೊಂದರ 'ದ್ವೀಪ'ಗಳಿರುವಂತೆ ನೂಲು ತೆಗೆದು, ಬಳಿಕ ಸಮುದ್ರವನ್ನು ಕರಗಿಸಿಬಿಡುವುದು ಅವರ ಉಪಾಯ. 1970ರಲ್ಲಿ ಇದರಿಂದ ಅಲ್ಟ್ರಾಸ್ವೇಡ್ ಎಂಬ ವಸ್ತು ಹುಟ್ಟಿತು. 1980ರ ದಶಕದಲ್ಲಿ ಇಂಥ ಎಳೆಗಳಿಂದ ಕನ್ನಡಕ ಒರೆಸುವ ಬಟ್ಟೆ ಬಂದಿತು. ಮುಂದೆ ನೆಲ, ಗಾಜು, ಕಾರುಗಳಿಗೂ ಹಬ್ಬಿತು.

9,000 ಮೀಟರ್ ಎಳೆಯ ತೂಕ ಒಂದು ಗ್ರಾಂ ಆದರೆ ಅದು ಒಂದು ಡೆನಿಯರ್. ಅದಕ್ಕಿಂತ ಸಣ್ಣದೇ ಮೈಕ್ರೋಫೈಬರ್. ಒಂದು ಡೆನಿಯರಿನ ಪಾಲಿಯೆಸ್ಟರ್ ಎಳೆಯ ವ್ಯಾಸ ಸುಮಾರು 10 ಮೈಕ್ರೋಮೀಟರ್. ಒರೆಸುವ ಬಟ್ಟೆಗೆ ಪಾಲಿಯೆಸ್ಟರ್ ಮತ್ತು ನೈಲಾನ್ ಸೇರಿಸಿ ಎಳೆದು, ಹೋಳಿಗೆಯನ್ನು ನಡುವಿನಿಂದ ಹದಿನಾರು ಹೋಳು ಮಾಡಿದಂತೆ ಸೀಳುತ್ತಾರೆ. ಸಮ ಹೋಳುಗಳಾದರೆ ಮೇಲ್ಮೈ ಸುಮಾರು ಆರು ಪಟ್ಟಾಗುವುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಹೋಳುಗಳ ನಡುವಿನ ಸಂದುಗಳು ಲೋಮನಾಳಗಳಂತೆ ನೀರನ್ನು ಸೆಳೆಯುತ್ತವೆ. ಸಂದು ಕಿರಿದಾದಷ್ಟೂ ಸೆಳೆತ ಹೆಚ್ಚು ಎಂಬ ಈ ತತ್ತ್ವವನ್ನು ಥಾಮಸ್ ಯಂಗ್ ಮತ್ತು ಲಾಪ್ಲಾಸ್ 1805-06ರಲ್ಲೇ ವಿವರಿಸಿದ್ದರು.

ಈಗ ಅಂಗಡಿಗೆ ಹೋಗೋಣ. ಲೇಬಲ್ಲಿನಲ್ಲಿ 80/20 ಅಥವಾ 70/30 ಎಂದಿದ್ದರೆ ಅದು ಪಾಲಿಯೆಸ್ಟರ್-ನೈಲಾನ್ ಪ್ರಮಾಣ. ಜಿ.ಎಸ್.ಎಂ. ಎಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಅಳತೆ. ಸಾಮಾನ್ಯ ಒರೆಸುವಿಕೆಗೆ 300-400 ಸಾಕು. ನೀರು ಹೀರಲು 500ಕ್ಕೆ ಮೇಲ್ಪಟ್ಟ, ಉದ್ದ ಜುಂಗಿನ ಬಟ್ಟೆ ಒಳ್ಳೆಯದು. ಧೂಳಿನ ಕಣ ಆ ಜುಂಗಿನೊಳಗೆ ಅಡಗುತ್ತದೆ. ಗಾಜಿಗೆ ಜುಂಗಿಲ್ಲದ ತೆಳು ನೇಯ್ಗೆ ಸರಿ. ಒಣ ಅಂಗೈ ಮೇಲೆ ಬಟ್ಟೆಯನ್ನು ಎಳೆಯಿರಿ. ಚರ್ಮಕ್ಕೆ ತೊಡರಿದಂತಾದರೆ ಎಳೆ ನಿಜಕ್ಕೂ ಸೀಳಿದೆ. ಅಂಚಿನ ಹೊಲಿಗೆಯನ್ನೂ ಲೇಬಲನ್ನೂ ಹಳೆಯ ಸಿ.ಡಿ.ಯ ಮೇಲೆ ಉಜ್ಜಿ ನೋಡಿ. ಗೀರು ಬಿದ್ದರೆ ಆ ಬಟ್ಟೆ ಚಕ್ರಗಳಿಗಿರಲಿ.

ಮೊದಲು ಧೂಳನ್ನು ನೆನೆಸಿ ಸಡಿಲಿಸಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಶುದ್ಧ ಮುಖಗಳು ಸಿಗುತ್ತವೆ; ಒಂದೊಂದನ್ನೇ ಬಳಸುತ್ತ ಹೋಗಿ. ಕೊಳವೆಬಾವಿಯ ಗಡಸು ನೀರಾದರೆ ಕೂಡಲೇ ಒರೆಸಿ, ಇಲ್ಲವಾದರೆ ಲವಣದ ಬಿಳಿ ಕಲೆ ಉಳಿಯುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಬಣ್ಣಕ್ಕೆ ತಾಗಿಸಬೇಡಿ. ಒಗೆಯುವಾಗ ಹತ್ತಿ ಬಟ್ಟೆಗಳ ಜೊತೆ ಸೇರಿಸಬೇಡಿ, ಬಟ್ಟೆ ಮೃದುಗೊಳಿಸುವ ದ್ರವವಂತೂ ಬೇಡ. ಅದರ ಲೇಪ ಸಂದುಗಳನ್ನು ಮುಚ್ಚಿಬಿಡುತ್ತದೆ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕೃತಕ ನೂಲಿನ ಒಂದೇ ಉಡುಪು ಒಂದು ಒಗೆತದಲ್ಲಿ 1,900ಕ್ಕೂ ಹೆಚ್ಚು ಎಳೆಗಳನ್ನು ಕಳೆದುಕೊಳ್ಳಬಲ್ಲದು ಎಂದು ಮಾರ್ಕ್ ಬ್ರೌನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ನಮ್ಮ ಟವೆಲ್ಲೂ ಅದೇ ಜಾತಿಯದು. ಹೆಬ್ಬಾಳ-ನಾಗವಾರ ಕಣಿವೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸಲಾಗುತ್ತಿದೆ. ಸಂಸ್ಕರಣೆಯಲ್ಲಿ ಬಹುಪಾಲು ಎಳೆಗಳು ಕೆಸರಿನೊಂದಿಗೆ ತಡೆದು ನಿಲ್ಲುತ್ತವೆಯಾದರೂ ಎಲ್ಲವೂ ಅಲ್ಲ. ಯಲಹಂಕದಲ್ಲಿ ಹಿಂಡಿದ ಬಟ್ಟೆಯ ಎಳೆ ಯಾವುದೋ ರೈತನ ಕೆರೆ ಸೇರಬಹುದು.

ಆದ್ದರಿಂದ ಅಗ್ಗದ ಹನ್ನೆರಡು ಬಟ್ಟೆಗಳಿಗಿಂತ ಎಳೆ ಉದುರದ ಮೂರು ನಾಲ್ಕು ಒಳ್ಳೆಯವನ್ನು ಕೊಳ್ಳಿ. ತಣ್ಣೀರಿನಲ್ಲಿ, ಅಗತ್ಯವಿದ್ದಾಗ ಮಾತ್ರ ಒಗೆಯಿರಿ. ಉಳಿಸಿದ ನೀರೂ ಉಳಿದ ಬಣ್ಣವೂ ಕಣ್ಣಿಗೆ ಕಾಣುತ್ತವೆ. ಕೆರೆ ಸೇರುವ ಎಳೆ ಕಾಣುವುದಿಲ್ಲ. ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳೋಣ.